ಅಂಗಿ ಹರಿದರೆ ಚರ್ಮ ಸುಲಿಯಬೇಕೇ?

ಹಳೆ ಮರದ ಸಾಮಾನಿನ ಪಾಲಿಶ್‌ಗೆ ಮನೆಯಲ್ಲೇ ಮದ್ದು

ಹಳೆಮನೆ ಬಿಚ್ಚಿ ತಾರಸಿ ಮನೆ ಕಟ್ಟುವಾಗ ಮೊದಲು ಹೊರಗೆ ಬೀಳುವುದು ಮರದ ಸಾಮಾನು. ಬೀಟೆಯ ಮೇಜು, ಹಲಸಿನ ಮಂಚ, ಅಜ್ಜನ ಆರಾಮಕುರ್ಚಿ. ಹಳತು ಕೊಳ್ಳುವವರಿಗೆ ಇದರ ಸುದ್ದಿ ಹೇಗೋ ಸಿಗುತ್ತದೆ. ಬಂದು ಒಂದು ಸುತ್ತು ನೋಡಿ, "ಪಾಲಿಶ್ ಪೂರಾ ಹೋಗಿದೆ, ಕಲೆ ಬೇರೆ. ಇದಕ್ಕೆ ಎಂತ ಕೊಡ್ಲಿಕ್ಕುಂಟು?" ಅನ್ನುತ್ತಾರೆ. ನಮಗೂ ಹಾಗೇ ಕಾಣುತ್ತದೆ. ಸೌದೆಯ ಕ್ರಯಕ್ಕಿಂತ ಸ್ವಲ್ಪ ಮೇಲೆ ಸಿಕ್ಕಿದರೆ ಸಾಕೆಂದು ಕೊಟ್ಟುಬಿಡುತ್ತೇವೆ.

ನಮ್ಮ ಮನೆಯ ಬೀಟೆ ಮೇಜಿಗೂ ಹೀಗೆ ಗಿರಾಕಿ ಬಂದಿತ್ತು. ಅಜ್ಜ ಅಡಿಕೆ ಲೆಕ್ಕ ಬರೆಯುತ್ತಿದ್ದ ಮೇಜು ಅದು. ಮೇಲ್ಹಲಗೆಯಲ್ಲಿ ಬಿಸಿ ಲೋಟ ಇಟ್ಟ ಬಿಳಿ ಉಂಗುರಗಳು, ಒಂದು ಮೂಲೆಯಲ್ಲಿ ಅಂಗೈಯಗಲದ ಕಪ್ಪು ಕಲೆ, ಕಾಲುಗಳ ಮೇಲೆ ಮೊಸಳೆ ಚರ್ಮದ ಹಾಗೆ ಬಿರುಕು. ಮಗನಿಗೆ ಅದನ್ನು ಕೊಟ್ಟು ಪ್ಲೈವುಡ್ಡಿನ ಹೊಸ ಮೇಜು ಮಾಡಿಸುವ ಮನಸ್ಸು. ಉಜ್ಜುವ ಮಿಶಿನಿನವರನ್ನು ಕರೆಸಿ ಪೂರ್ತಿ ಕೆರೆಸೋಣ ಎಂಬ ಸಲಹೆಯೂ ಬಂತು. ಎರಡಕ್ಕೂ ಮೊದಲು ನಮ್ಮೂರಿನ ಹಿರಿಯ ಆಚಾರಿಯೊಬ್ಬರಿಗೆ ತೋರಿಸಿದೆ. ಅವರು ಮೇಜಿನ ಅಡಿಗೆ ಬಗ್ಗಿ ನೋಡಿ, ಉಗುರಿನಿಂದ ಒಂದು ಕಡೆ ಕೆರೆದು, "ಮರಕ್ಕೆ ಏನೂ ಆಗಲಿಲ್ಲ ಮಾರಾಯ್ರೇ. ಮೇಲಿನ ಅಂಗಿ ಮಾತ್ರ ಹರಿದದ್ದು. ಅಂಗಿ ಹರಿದದ್ದಕ್ಕೆ ಚರ್ಮ ಸುಲಿಯುವುದುಂಟಾ?" ಎಂದರು.

ಆ ಮಾತು ಹಿಡಿದು ನಾನೇ ಕೆಲಸಕ್ಕೆ ಇಳಿದೆ. ಮೇಜು ಈಗ ಜಗಲಿಯಲ್ಲೇ ಇದೆ. ಆಮೇಲೆ ಎರಡು ಕುರ್ಚಿ, ಒಂದು ಕಪಾಟು, ನೆರೆಮನೆಯ ಒಂದು ತೊಟ್ಟಿಲು ಕೂಡ ಇದೇ ಕ್ರಮದಲ್ಲಿ ಸರಿಯಾದವು. ಸಾಮಾನಿಗೆ ಆದ ಖರ್ಚು ಒಂದು ಆಳಿನ ಒಂದು ದಿನದ ಸಂಬಳಕ್ಕಿಂತ ಕಡಿಮೆ.

ಉಳಿಸಿಕೊಳ್ಳುವುದಕ್ಕೆ ಅಜ್ಜನ ನೆನಪೊಂದೇ ಕಾರಣವಲ್ಲ. ಆ ಅಗಲದ ಬೀಟೆ ಹಲಗೆ ಇನ್ನು ಸಿಗುವುದು ಕಷ್ಟ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ ಬಂದ ಮೇಲೆ ನಮ್ಮದೇ ಜಾಗದ ಬೀಟೆಯನ್ನೂ ಇಲಾಖೆಯ ಅನುಮತಿ ಇಲ್ಲದೆ ಕಡಿಯುವಂತಿಲ್ಲ. ಇವತ್ತು ನೆಟ್ಟ ಬೀಟೆಯಿಂದ ಅಂಥ ಹಲಗೆ ಬೇಕಾದರೆ ಮೊಮ್ಮಕ್ಕಳ ಕಾಲದವರೆಗೆ ಕಾಯಬೇಕು.

ಹಳೆ ಪಾಲಿಶ್ ಎಂದರೆ ಎಂತದ್ದು?

ನಮ್ಮ ಹಳೆ ಸಾಮಾನುಗಳಲ್ಲಿ ಹೊಳೆಯುವ ಕಂದು ಪಾಲಿಶ್ ಹೆಚ್ಚಾಗಿ ಅರಗಿನದ್ದು. ಅರಗು ಕಾರ್ಖಾನೆಯಲ್ಲಿ ಹುಟ್ಟುವ ವಸ್ತುವಲ್ಲ, ಅದೂ ನಮ್ಮ ಅಡಿಕೆಯ ಹಾಗೆ ಒಂದು ಬೆಳೆ. ಮುತ್ತುಗ, ಎಲಚಿ, ಕುಸುಮ್ ಮರಗಳ ಎಳೆ ಕೊಂಬೆಗೆ ಅರಗಿನ ಹುಳು ಅಂಟಿ ಕೂತು, ರಸ ಹೀರಿ, ತನ್ನ ಮೈ ಸುತ್ತ ಒಂದು ರಾಳ ಕಟ್ಟಿಕೊಳ್ಳುತ್ತದೆ. ಆ ಕೊಂಬೆಗಳನ್ನು ಕಡಿದು, ರಾಳ ಕೆರೆದು, ತೊಳೆದು, ಕರಗಿಸಿ, ತೆಳ್ಳಗೆ ಎಳೆದು ಒಡೆದರೆ ಅಂಗಡಿಯಲ್ಲಿ ಸಿಗುವ ಹಳದಿ-ಕಂದು ಚಕ್ಕೆ ಆಗುತ್ತದೆ. ಜಾರ್ಖಂಡ್, ಛತ್ತೀಸ್‌ಗಢದ ಸಣ್ಣ ರೈತರಿಗೆ, ಕಾಡಿನಂಚಿನ ಜನರಿಗೆ ಇದು ಮುಖ್ಯ ಉಪಬೆಳೆ. ರಂಗೀನಿ, ಕುಸುಮಿ ಎಂದು ಎರಡು ಬಗೆ. ಒಂದೊಂದರಲ್ಲೂ ವರ್ಷಕ್ಕೆ ಎರಡು ಬೆಳೆ. ಇದರ ಸಂಶೋಧನೆಗೆಂದೇ ರಾಂಚಿ ಪಕ್ಕದ ನಾಮಕುಮ್‌ನಲ್ಲಿ 1924ರಲ್ಲಿ ಒಂದು ಸಂಸ್ಥೆ ಶುರುವಾಯಿತು. ನಮ್ಮ ಚನ್ನಪಟ್ಟಣದ ಗೊಂಬೆಗಳ ಹೊಳಪೂ ಅರಗಿನದ್ದೇ.

ಈ ಅರಗಿಗೆ ಒಂದು ವಿಶೇಷ ಗುಣ ಇದೆ. ಸ್ಪಿರಿಟಿನಲ್ಲಿ ಕರಗಿಸಿ ಮರಕ್ಕೆ ಹಚ್ಚಿದರೆ ಸ್ಪಿರಿಟ್ ಆರಿಹೋಗಿ ಅರಗಿನ ಪದರ ಉಳಿಯುತ್ತದೆ. ಎಷ್ಟೋ ವರ್ಷ ಬಿಟ್ಟು ಪುನಃ ಸ್ಪಿರಿಟ್ ತಾಗಿಸಿದರೂ ಆ ಪದರ ಮೆತ್ತಗಾಗುತ್ತದೆ. ಹೊಸತಾಗಿ ಹಚ್ಚಿದ್ದು ಹಳತರೊಡನೆ ಕರಗಿ ಒಂದೇ ಆಗುತ್ತದೆ. ಈಗಿನ ಪಾಲಿಯುರಿಥೇನ್ ಪಾಲಿಶ್ ಹಾಗಲ್ಲ, ಅದು ಒಮ್ಮೆ ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ. ಒಂದು ಕಡೆ ಎದ್ದರೆ ಆ ಜಾಗಕ್ಕೆ ಮಾತ್ರ ಹೊಸತು ಹಚ್ಚಿ ಗುರುತು ಸಿಗದ ಹಾಗೆ ಬೆಸೆಯುವುದು ಕಷ್ಟ. ಅರಗಿನದ್ದಾದರೆ ಹರಿದಲ್ಲಿಗೆ ಮಾತ್ರ ತೇಪೆ ಹಾಕಬಹುದು, ತೇಪೆ ಕಾಣುವುದೂ ಇಲ್ಲ.

ಮೊದಲು ಪರೀಕ್ಷೆ

ಯಾವ ಪಾಲಿಶ್ ಎಂದು ತಿಳಿಯದೆ ಮದ್ದು ಹಚ್ಚಬೇಡಿ. ಮೇಜಿನ ಅಡಿಭಾಗ, ಕಪಾಟಿನ ಹಿಂಬದಿ, ಇಂಥ ಕಣ್ಣಿಗೆ ಬೀಳದ ಜಾಗ ಆರಿಸಿ.

ಒಂದು ಹನಿ ಸ್ಪಿರಿಟ್ ಬಿಟ್ಟು ಎರಡು ನಿಮಿಷ ಕಾದು ಬೆರಳಿಟ್ಟು ನೋಡಿ. ಅಂಟು ಅಂಟಾದರೆ ಅರಗಿನ ಪಾಲಿಶ್. ಸ್ಪಿರಿಟಿಗೆ ಏನೂ ಆಗದೆ ಥಿನ್ನರಿಗೆ ಮೆತ್ತಗಾದರೆ ಅದು ಸ್ಪ್ರೇ ಹೊಡೆಯುವ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಎಣ್ಣೆ ವಾರ್ನಿಶ್ ಅಥವಾ ಪಾಲಿಯುರಿಥೇನ್. ನೀರಿನ ಹನಿಯನ್ನೇ ಕುಡಿದುಬಿಟ್ಟರೆ ಮೇಲೆ ಪದರವೇ ಉಳಿದಿಲ್ಲ ಎಂದರ್ಥ.

ನಮ್ಮ ಕರಾವಳಿ ಕಡೆಯ ಪಕ್ಕಾಸು, ತೊಲೆಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುವ ಕ್ರಮ ಇತ್ತು. ಕಡುಕಪ್ಪಾಗಿ ಅಂಟಿದ ಅದು ಕೂಡ ಸ್ಪಿರಿಟಿಗೆ ಬಗ್ಗುವುದಿಲ್ಲ. ಹಾಗೇ ಬಿಡುವುದು ಒಳ್ಳೆಯದು.

ಕೆಳಗೆ ಬರೆದ ಸ್ಪಿರಿಟಿನ ಮದ್ದುಗಳೆಲ್ಲ ಅರಗಿನ ಪಾಲಿಶಿಗೆ. ಬಣ್ಣ ಬಳಿದ ಸಾಮಾನಾದರೆ ಇನ್ನೊಂದು ಎಚ್ಚರಿಕೆ. ಹಿಂದಿನ ಎಷ್ಟೋ ಬಣ್ಣಗಳಲ್ಲಿ ಸೀಸ ಇತ್ತು. ಮನೆಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅಂಥ ಹಳೆ ಬಣ್ಣವನ್ನು ಒಣಗಿದಂತೆಯೇ ಉಜ್ಜಿ ಧೂಳೆಬ್ಬಿಸಬೇಡಿ. ಮನೆಯಲ್ಲಿ ಸಣ್ಣ ಮಕ್ಕಳಿದ್ದರಂತೂ ಬೇಡವೇ ಬೇಡ.

ಕೊಳೆ ತೆಗೆದರೆ ಅರ್ಧ ಕೆಲಸ ಮುಗಿಯಿತು

ಒಲೆಯ ಹೊಗೆ, ಕೈಯ ಎಣ್ಣೆ, ದೀಪದ ಮಸಿ ಎಲ್ಲ ಸೇರಿ ಮರದ ಮೇಲೆ ಒಂದು ಕಪ್ಪು ಪೊರೆ ಕಟ್ಟಿರುತ್ತದೆ. ಪಾಲಿಶ್ ಹೋಗಿದೆ ಎಂದು ನಾವು ಹೇಳುವುದು ಎಷ್ಟೋ ಸಲ ಈ ಪೊರೆಯನ್ನು ನೋಡಿ. ಅಂಟುವಾಳ ನೆನೆಸಿ ನೊರೆ ಮಾಡಿ, ಬಟ್ಟೆಯನ್ನು ಅದರಲ್ಲಿ ಅದ್ದಿ ಚೆನ್ನಾಗಿ ಹಿಂಡಿ ಒರೆಸಿ. ಕೂಡಲೇ ಒಣ ಬಟ್ಟೆ. ನೀರು ನಿಲ್ಲಬಾರದು, ಸಂದಿಗೆ ಇಳಿಯಬಾರದು. ಬಟ್ಟೆ ಸೋಪು, ಸೋಡದ ಪುಡಿ ಬೇಡ. ಅವು ಕ್ಷಾರ, ಅರಗನ್ನೇ ಕರಗಿಸುತ್ತವೆ. ಜಿಡ್ಡು ಹೋಗದಿದ್ದರೆ ಟರ್ಪಂಟೈನ್ ಎಣ್ಣೆಯಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಬಹುದು. ಅದು ಜಿಡ್ಡು, ಮೇಣ ತೆಗೆಯುತ್ತದೆ, ಅರಗಿಗೆ ಏನೂ ಮಾಡುವುದಿಲ್ಲ.

ನಮ್ಮ ಮೇಜಿನಲ್ಲಿ ಇಷ್ಟು ಮಾಡಿದಾಗಲೇ ಬೀಟೆಯ ಕಪ್ಪು-ನೇರಳೆ ಗೆರೆಗಳು ಎದ್ದು ಕಂಡವು. ಮಗ ಪ್ಲೈವುಡ್ಡಿನ ಮಾತು ಬಿಟ್ಟದ್ದು ಆವತ್ತೇ.

ಕುಟ್ಟೆ ಹುಳದ ತೂತು, ಅದರಿಂದ ಹೊಸ ಹಿಟ್ಟು ಉದುರುವುದು ಕಂಡರೆ ಮಾತ್ರ ಮುಂದೆ ಹೋಗಬೇಡಿ. ಮೊದಲು ಹುಳದ ಕೆಲಸ ಮುಗಿಸಿ. ಮೇಲೆ ಪಾಲಿಶ್, ಒಳಗೆ ಹುಳ ಎಂದಾಗಬಾರದು.

ಬಿಳಿ ಕಲೆ: ತೇವ ಪದರದಲ್ಲಿದೆ

ಬಿಸಿ ಕಷಾಯದ ಲೋಟ, ನೀರಿನ ಚೊಂಬು ಇಟ್ಟ ಜಾಗದ ಬಿಳಿ ಉಂಗುರ ಮರದ ಕಲೆಯಲ್ಲ. ಅರಗಿನ ಪದರದೊಳಗೆ ತೇವ ಸೇರಿ ಮಂಜು ಕಟ್ಟಿದ್ದು. ಹೊಸ ಕಲೆಯಾದರೆ ನಾಲ್ಕು ಒಣದಿನ ಸುಮ್ಮನೆ ಬಿಟ್ಟು ನೋಡಿ, ಕೆಲವೊಮ್ಮೆ ತಾನಾಗಿ ಹೋಗುತ್ತದೆ.

ಹೋಗದಿದ್ದರೆ ಮೊದಲ ಮದ್ದು ಬೂದಿ. ಒಲೆಯ ಬೂದಿಯನ್ನು ತೆಳು ಬಟ್ಟೆಯಲ್ಲಿ ಸೋಸಿ ನುಣ್ಣನೆಯ ಹಿಟ್ಟು ಮಾತ್ರ ತೆಗೆದುಕೊಳ್ಳಿ. ಎರಡು ಹನಿ ತೆಂಗಿನೆಣ್ಣೆಯಲ್ಲಿ ಕಲೆಸಿ, ಬೆರಳಿಗೆ ಬಟ್ಟೆ ಸುತ್ತಿ, ಮರದ ಎಳೆ ಹೋದ ದಿಕ್ಕಿನಲ್ಲೇ ಹಗುರವಾಗಿ ಉಜ್ಜಿ. ಪದರದ ಮೇಲ್ಮೈ ಕೂದಲೆಳೆಯಷ್ಟು ಸವೆದು ಮಂಜು ಹೋಗುತ್ತದೆ. ಬೂದಿಯನ್ನು ನೀರಿನಲ್ಲಿ ಮಾತ್ರ ಕಲೆಸಬೇಡಿ, ಬೂದಿನೀರೂ ಕ್ಷಾರವೇ. ಆದ ಮೇಲೆ ಎಣ್ಣೆಯನ್ನು ಪೂರ್ತಿ ಒರೆಸಿ ತೆಗೆಯಬೇಕು.

ಇದಕ್ಕೂ ಬಗ್ಗದಿದ್ದರೆ ಸ್ಪಿರಿಟ್. ಹಳೆ ಪಂಚೆಯ ಮೆತ್ತನೆಯ ತುಂಡಿಗೆ ಎರಡು ಮೂರು ಹನಿ ಹಾಕಿ, ಅಂಗೈಗೆ ಒತ್ತಿ ನೋಡಿ. ತಂಪಾಗಬೇಕು, ಒದ್ದೆಯಾಗಬಾರದು. ಕಲೆಯ ಮೇಲೆ ತಾಗಿತೋ ಇಲ್ಲವೋ ಎಂಬಷ್ಟು ಹಗುರವಾಗಿ ಸರ್ರನೆ ಒಮ್ಮೆ ಎಳೆದುಬಿಡಿ. ನಿಲ್ಲಿಸಬೇಡಿ, ನಿಲ್ಲಿಸಿದರೆ ಬಟ್ಟೆ ಅಲ್ಲೇ ಅಂಟುತ್ತದೆ. ಒಂದು ನಿಮಿಷ ಬಿಟ್ಟು ಮತ್ತೊಮ್ಮೆ. ಪದರ ಸ್ವಲ್ಪವೇ ಮೆತ್ತಗಾಗಿ ಒಳಗಿನ ತೇವಕ್ಕೆ ದಾರಿ ಸಿಗುತ್ತದೆ, ಉಂಗುರ ಕಣ್ಣೆದುರೇ ಮಾಯ. ನಮ್ಮ ಮೇಜಿನಲ್ಲಿದ್ದ ಏಳು ಉಂಗುರಗಳಲ್ಲಿ ನಾಲ್ಕು ಬೂದಿಗೆ ಹೋದವು, ಮೂರು ಸ್ಪಿರಿಟಿಗೆ.

ಕಪ್ಪು ಕಲೆ: ಇದು ಮರದ್ದೇ

ಕಪ್ಪು ಕಲೆಯ ಕತೆ ಬೇರೆ. ನೀರು ಪಾಲಿಶ್ ದಾಟಿ ಮರಕ್ಕೆ ಮುಟ್ಟಿದೆ, ಜೊತೆಗೆ ಕಬ್ಬಿಣವೂ ಸೇರಿದೆ. ಬಾಳೆಕಾಯಿ ಹೆಚ್ಚಿದ ಕತ್ತಿ, ಹಸಿ ಅಡಿಕೆ ಸುಲಿದ ಕತ್ತಿ ಕಪ್ಪಾಗುವುದನ್ನು ನಾವು ದಿನಾ ನೋಡುತ್ತೇವೆ. ಚೊಗರಿಗೆ ಕಬ್ಬಿಣ ಸೇರಿದರೆ ಕಪ್ಪು. ಅಣಲೆಕಾಯಿಯಿಂದ ಶಾಯಿ ಮಾಡುತ್ತಿದ್ದದ್ದೂ ಇದೇ ಗುಟ್ಟಿನಿಂದ. ಮರದಲ್ಲೂ ಚೊಗರು ಇರುತ್ತದೆ. ನಮ್ಮ ಮೇಜಿನ ಆ ಮೂಲೆ ಒದ್ದೆ ಕತ್ತಿ ಇಡುವ ಜಾಗವಾಗಿತ್ತು.

ಕಪ್ಪು ಕಲೆಗೆ ಮದ್ದು ಆಕ್ಸಾಲಿಕ್ ಆಮ್ಲ. ಬಿಂಬುಳಿಯಲ್ಲಿ ಇರುವುದೂ ಅದೇ ಹುಳಿ. ಬಿಳಿ ಬಟ್ಟೆಯ ತುಕ್ಕಿನ ಕಲೆಗೆ ನಮ್ಮ ಹೆಂಗಸರು ಬಿಂಬುಳಿ ಉಜ್ಜುತ್ತಿದ್ದದ್ದು ಅದಕ್ಕೇ. ನಾನೂ ಮೊದಲು ಬಿಂಬುಳಿ ರಸವನ್ನೇ ಹಚ್ಚಿದೆ. ಕಲೆ ಮಾಸಲಾಯಿತು, ಪೂರ್ತಿ ಹೋಗಲಿಲ್ಲ. ಮತ್ತೆ ಪೇಟೆಯಿಂದ ಆಕ್ಸಾಲಿಕ್ ಪುಡಿ ತಂದೆ.

ಕ್ರಮ ಹೀಗೆ: ಕಲೆಯ ಜಾಗದ ಪಾಲಿಶನ್ನು ಸ್ಪಿರಿಟಿನಿಂದ ಒರೆಸಿ ತೆಗೆದು ಮರ ಕಾಣಿಸಬೇಕು. ಒಂದು ಲೋಟ ಬಿಸಿನೀರಿಗೆ ಎರಡು ಸಣ್ಣ ಚಮಚ ಪುಡಿ ಹಾಕಿ ಗಾಜು ಅಥವಾ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕರಗಿಸಿ. ಬಟ್ಟೆಯಲ್ಲಿ ಅದ್ದಿ ಕಲೆಗೆ ಹಚ್ಚಿ, ಅರ್ಧ ಗಂಟೆ ಬಿಡಿ. ಬೇಕಾದರೆ ಇನ್ನೊಮ್ಮೆ. ಬಳಿಕ ಶುದ್ಧ ನೀರಿನ ಬಟ್ಟೆಯಿಂದ ಮೂರು ಸಲ ಒರೆಸಿ, ಎರಡು ದಿನ ನೆರಳಿನಲ್ಲಿ ಒಣಗಿಸಿ. ಈ ಪುಡಿ ವಿಷ. ಕೈಗೆ ಗವಸು ಬೇಕು, ಮಕ್ಕಳಿಂದ, ದನಕರುಗಳಿಂದ ದೂರ ಇಡಬೇಕು. ಒರೆಸುವ ಮೊದಲು ಉಜ್ಜಿದರೆ ಅದರ ಧೂಳು ಮೂಗು, ಗಂಟಲು ಸೇರುತ್ತದೆ.

ಬೀಟೆಗೆ ಇನ್ನೊಂದು ಸೂಚನೆ. ಅದರ ಬಣ್ಣವೇ ಸ್ಪಿರಿಟಿನಲ್ಲಿ ಬಿಡುತ್ತದೆ. ಸ್ಪಿರಿಟ್ ಸುರಿದು ತಿಕ್ಕಿದರೆ ಬಟ್ಟೆಯೆಲ್ಲ ನೇರಳೆಯಾಗಿ ಮರ ಪೇಲವವಾಗುತ್ತದೆ. ಸ್ವಲ್ಪ ಸ್ವಲ್ಪವೇ ಒರೆಸಬೇಕು.

ಬಿರುಕಿಗೆ ಬೆಸುಗೆ

ಮೊಸಳೆ ಚರ್ಮದಂಥ ಬಿರುಕು ಕಂಡರೆ ಎಲ್ಲರಿಗೂ ಉಪ್ಪುಕಾಗದ ನೆನಪಾಗುತ್ತದೆ. ಅರಗಿನದ್ದಾದರೆ ಅದು ಬೇಕಾಗುವುದಿಲ್ಲ. ಮೂರು ಪಾಲು ಸ್ಪಿರಿಟಿಗೆ ಒಂದು ಪಾಲು ತಯಾರಿ ಅರಗಿನ ಪಾಲಿಶ್ ಸೇರಿಸಿ, ಮೆತ್ತನೆಯ ಬ್ರಶ್ಶಿನಿಂದ ಒಂದು ಕೈ ಹಚ್ಚಿ ಬಿಡಿ. ಹಳೆ ಪದರ ಕರಗಿ, ತಾನೇ ಹರಿದು, ಬಿರುಕು ಕೂಡಿಕೊಳ್ಳುತ್ತದೆ. ಹಚ್ಚುವ ಮುಖ ಮೇಲಕ್ಕಿರಬೇಕು, ಇಲ್ಲದಿದ್ದರೆ ಸೋರಿ ಗೆರೆ ಬೀಳುತ್ತದೆ. ನಾನು ಮೇಜನ್ನು ಮಗ್ಗುಲಾಗಿ ಮಲಗಿಸಿ ಕಾಲುಗಳಿಗೆ ಒಂದೊಂದೇ ಬದಿ ಹಚ್ಚಿದೆ. ಒಂದು ಬದಿಗೆ ಒಂದು ದಿನ ಎಂದು ನಾಲ್ಕು ದಿನ ಹಿಡಿಯಿತು.

ಪಾಲಿಶ್ ಮಾಡಿಕೊಳ್ಳುವುದು

ಒಂದು ಲೀಟರ್ ಸ್ಪಿರಿಟಿಗೆ 150 ಗ್ರಾಂ ಅರಗಿನ ಚಕ್ಕೆ. ಸಣ್ಣ ದುರಸ್ತಿಗೆ 200 ಮಿಲಿಲೀಟರಿಗೆ 30 ಗ್ರಾಂ ಧಾರಾಳ. ಗಾಜಿನ ಬಾಟಲಿಯಲ್ಲಿ ಹಾಕಿ ಆಗಾಗ ಕುಲುಕುತ್ತ ಒಂದು ರಾತ್ರಿ ಬಿಟ್ಟರೆ ಕರಗುತ್ತದೆ. ಬಟ್ಟೆಯಲ್ಲಿ ಸೋಸಿಕೊಳ್ಳಿ. ಕಬ್ಬಿಣದ ಡಬ್ಬಿ ಬೇಡ, ಪಾಲಿಶ್ ಕಪ್ಪಾಗುತ್ತದೆ. ಬಾಟಲಿಗೆ ತಾರೀಕು ಬರೆದಿಡಿ. ಆರು ತಿಂಗಳು ದಾಟಿದ್ದನ್ನು ಮೊದಲು ಗಾಜಿನ ಚೂರಿಗೆ ಹಚ್ಚಿ ನೋಡಿ. ಅಂಟಾಗಿಯೇ ಉಳಿದರೆ ಚೆಲ್ಲಿಬಿಡಿ.

ಹತ್ತಿಯ ಉಂಡೆಗೆ ಪಾಲಿಶ್ ಕುಡಿಸಿ, ಹಳೆ ಪಂಚೆಯ ತುಂಡಿನಲ್ಲಿ ನೆರಿಗೆ ಇಲ್ಲದಂತೆ ಸುತ್ತಿ ಹಿಡಿಯಿರಿ. ಒತ್ತಿದರೆ ಬಟ್ಟೆಯ ಮೇಲೆ ತೇವ ಮೂಡಬೇಕು, ತೊಟ್ಟಿಕ್ಕಬಾರದು. ಕೈಯನ್ನು ಚಕ್ರಾಕಾರವಾಗಿ ಆಡಿಸುತ್ತ ಇರಿ, ಕೊನೆಗೆ ಮರದ ಎಳೆಯ ದಿಕ್ಕಿನಲ್ಲಿ ನೇರವಾಗಿ ಎಳೆಯಿರಿ. ಒಂದು ಕೈ ದಪ್ಪಗೆ ಹಚ್ಚುವ ಬದಲು ಹತ್ತು ಕೈ ತೆಳ್ಳಗೆ. ನಾಲ್ಕೈದು ಕೈ ಆದ ಮೇಲೆ ಒಂದು ದಿನ ಬಿಟ್ಟು ಮುಂದುವರಿಸಿ. ಕಲೆ ತೆಗೆದ ಜಾಗಕ್ಕೆ ಮೊದಲು ಹಚ್ಚಿ ಸುತ್ತಲಿನ ಮಟ್ಟಕ್ಕೆ ತಂದು, ಆಮೇಲೆ ಹಲಗೆಗೆಲ್ಲ ಒಟ್ಟಿಗೆ ಒಂದೆರಡು ಕೈ ಕೊಟ್ಟರೆ ತೇಪೆ ತಿಳಿಯುವುದಿಲ್ಲ.

ಗೀರುಗಳಿಗೆ ಜೇನುಮೇಣ. ಜೇನುಪೆಟ್ಟಿಗೆ ಇಟ್ಟವರಲ್ಲಿ ಮೇಣ ಇದ್ದೇ ಇರುತ್ತದೆ. ಒಂದು ಪಾಲು ಮೇಣವನ್ನು ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ಒಲೆಯಿಂದ ದೂರ ಹೊರಗೆ ತಂದ ಮೇಲೆ ಮೂರು ಪಾಲು ಟರ್ಪಂಟೈನ್ ಸೇರಿಸಿ. ತಣಿದರೆ ಬೆಣ್ಣೆಯ ಹಾಗಾಗುತ್ತದೆ. ತೆಳ್ಳಗೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಒಣ ಬಟ್ಟೆಯಿಂದ ತಿಕ್ಕಿದರೆ ಸಣ್ಣ ಗೀರು ಮುಚ್ಚಿ ಹದವಾದ ಹೊಳಪು ಬರುತ್ತದೆ. ಎಲ್ಲ ಕೆಲಸ ಮುಗಿದು ಎರಡು ವಾರದ ಮೇಲೆ ಮಾಡುವ ಕೆಲಸ ಇದು.

ಹೊಳಪಿಗೆಂದು ತೆಂಗಿನೆಣ್ಣೆ ಹಚ್ಚಿ ಬಿಡುವ ಅಭ್ಯಾಸ ಕೆಲವರಲ್ಲಿದೆ. ಅದು ಯಾವತ್ತೂ ಗಟ್ಟಿಯಾಗುವುದಿಲ್ಲ. ಧೂಳು ಹಿಡಿಯುತ್ತದೆ, ಮಳೆಗಾಲದಲ್ಲಿ ಬೂಷ್ಟು ಬರುತ್ತದೆ. ಪದರವೇ ಇಲ್ಲದ ಒರಟು ಸಾಮಾನಿಗೆ ಎಣ್ಣೆಯೇ ಬೇಕಾದರೆ ಅಗಸೆ ಎಣ್ಣೆ ಆದೀತು, ಅದು ಗಾಳಿ ಕುಡಿದು ಗಟ್ಟಿಯಾಗುತ್ತದೆ.

ಕಾಲ ಮತ್ತು ಬೆಂಕಿ

ಈ ಕೆಲಸಕ್ಕೆ ಒಣಹವೆ ಬೇಕು. ಸ್ಪಿರಿಟ್ ಆರುವಾಗ ಪದರ ತಂಪಾಗುತ್ತದೆ. ಗಾಳಿಯಲ್ಲಿ ತೇವ ಇದ್ದರೆ ಅದು ಅಲ್ಲೇ ಕೂತು ಹೊಸ ಪಾಲಿಶ್ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಮಕರ ಸಂಕ್ರಾಂತಿಯಿಂದ ಯುಗಾದಿವರೆಗೆ ಒಳ್ಳೆಯ ಕಾಲ. ಅಡಿಕೆ ಕೊಯ್ಲಿನ ನಡುವೆ ಬಿಡುವಾದ ದಿನ, ಬಿಸಿಲೇರಿದ ಮೇಲೆ ಶುರು ಮಾಡಿ ಸಂಜೆಯ ಮೊದಲು ನಿಲ್ಲಿಸಿ. ಪತ್ತನಾಜೆ ಕಳೆದ ಮೇಲೆ ಕೈ ಹಾಕಬೇಡಿ.

ಅರಗಿನ ಮನೆ ಪಾಂಡವರನ್ನು ಸುಡಲಿಕ್ಕೆ ಕಟ್ಟಿದ್ದೆಂದು ಮಕ್ಕಳಿಗೂ ಗೊತ್ತು. ಅರಗು, ಸ್ಪಿರಿಟ್, ಟರ್ಪಂಟೈನ್ ಮೂರೂ ಬೆಂಕಿಯ ನೆಂಟರು. ಅಂಗಳದಲ್ಲೋ ಗಾಳಿಯಾಡುವ ಜಗಲಿಯಲ್ಲೋ ಕೆಲಸ ಮಾಡಿ. ಬೀಡಿ, ದೀಪ, ಒಲೆ ಹತ್ತಿರ ಬೇಡ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ಅದು ತನ್ನಿಂದ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಅಡಿಕೆ ಸಿಪ್ಪೆಯ ರಾಶಿ, ಬೈಹುಲ್ಲು ಇರುವ ನಮ್ಮ ಮನೆಗಳಲ್ಲಿ ಇದು ಆಟವಲ್ಲ. ಬಟ್ಟೆಯನ್ನು ಬಿಡಿಸಿ ಹೊರಗೆ ಹರವಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿ.

ಎಲ್ಲಿ ಇದು ನಡೆಯದು?

ಊಟದ ಮೇಜು, ಅಡುಗೆಮನೆಯ ಹಲಗೆಗೆ ಅರಗಿನ ಪಾಲಿಶ್ ಸರಿಯಲ್ಲ. ಬಿಸಿ, ನೀರು ಎರಡೂ ಅದಕ್ಕೆ ಆಗದು. ಅಲ್ಲಿಗೆ ವಾರ್ನಿಶ್ಶೇ ಒಳ್ಳೆಯದು. ಹಲಗೆ ಸೀಳಿದ್ದರೆ, ಕೀಲು ಸಡಿಲವಾಗಿದ್ದರೆ ಮೊದಲು ಆಚಾರಿಗಳ ಕೈಗೆ ಕೊಡಿ. ಕೆತ್ತನೆ ಇರುವ ಸಾಮಾನಿಗೆ ಮಿಶಿನ್ ತಾಗಿಸಲೇಬೇಡಿ. ನಮ್ಮ ನೆರೆಯ ಊರಿನ ಒಬ್ಬರು ಹಲಸಿನ ಮಂಚದ ತಲೆಹಲಗೆಯನ್ನು ಮಿಶಿನಿನಲ್ಲಿ ಉಜ್ಜಿಸಿದರು. ಈಗ ಮಂಚ ಹೊಸತರ ಹಾಗಿದೆ, ಆದರೆ ಬಳ್ಳಿಯ ಕೆತ್ತನೆ ಅರ್ಧ ಅಳಿಸಿಹೋಗಿದೆ. ವರ್ಷಗಟ್ಟಲೆ ಹಣ್ಣಾಗಿ ಬಂದ ಮರದ ಬಣ್ಣವೂ ಧೂಳಾಗಿ ಹೋಯಿತು. ಹೋದ ಪಾಲಿಶ್ ಮತ್ತೆ ಹಚ್ಚಬಹುದು, ಹೋದ ಮರ ಬರುವುದಿಲ್ಲ.

ದುರಸ್ತಿ ಆದ ಮೇಲೆ ಜತನವೇನೂ ದೊಡ್ಡದಲ್ಲ. ಬಿಸಿ ಲೋಟದ ಅಡಿಗೆ ಒಂದು ಒಣ ಹಾಳೆಯ ತುಂಡು. ಆಟಿಯ ಮಳೆಯಲ್ಲಿ ಗೋಡೆಯಿಂದ ನಾಲ್ಕು ಬೆರಳು ದೂರ. ವಾರಕ್ಕೊಮ್ಮೆ ಒಣ ಬಟ್ಟೆ, ವರ್ಷಕ್ಕೊಮ್ಮೆ ಜೇನುಮೇಣ.

ಹಳತು ಕೊಳ್ಳುವವರು ನಿಮ್ಮ ಜಗಲಿಗೂ ಬರಬಹುದು. ಕ್ರಯ ಮಾತಾಡುವ ಮೊದಲು ಸಾಮಾನಿನ ಅಡಿಗೆ ಬಗ್ಗಿ ಒಂದು ಹನಿ ಸ್ಪಿರಿಟ್ ಬಿಟ್ಟು ನೋಡಿ. ಬೆರಳು ಅಂಟಿದರೆ ಕೊಡುವ ಅವಸರ ಬೇಡ. ಹಲಸು, ಹೆಬ್ಬಲಸಿನ ಸಾಮಾನಿಗೆ ನಿಮ್ಮ ಕಡೆ ಬೇರೆ ಮನೆಮದ್ದು ಇದ್ದರೆ, ಮಾಡಿ ನೋಡಿದ್ದನ್ನು ಪತ್ರಿಕೆಗೆ ಬರೆಯಿರಿ. ಎಲ್ಲರಿಗೂ ಉಪಕಾರವಾದೀತು.